ಯಾವ ಬೀರು ನೋಡ್ದೆ?

ಮೊನ್ನೆ ರಾಮನಗರದಲ್ಲಿ ನಮ್ಮ ಹಳೆಯ ಸಾಹೇಬರ ನಿವೃತ್ತಿ ಸಮಾರಂಭ. ಮೈಸೂರು ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಅಷ್ಟಕ್ಕೇ ಮುಗಿದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಆದರೆ ಅವರು ಮೈಕ್ ಹಿಡಿದು, "ಕೈಗಾರಿಕೆಗೆ ಜಮೀನು ತೆಗೆದುಕೊಳ್ಳುವ ಆ ಗಡಿಬಿಡಿಯ ಕಾಲದಲ್ಲೂ ನನ್ನ ಅವಧಿಯಲ್ಲಿ ರೈತರ ಒಂದೇ ಒಂದು ಆಕ್ಷೇಪಣೆ ಅರ್ಜಿ ಕಳೆದುಹೋಗಲಿಲ್ಲ, ಅದೇ ನನಗೆ ತೃಪ್ತಿ" ಎಂದರು. ಜನ ಚಪ್ಪಾಳೆ ತಟ್ಟಿದರು. ನನಗೆ ಅಡಿಯಿಂದ ಮುಡಿಯವರೆಗೆ ಉರಿಯಿತು. ಕಳೆದುಹೋಗಲಿಲ್ಲ, ನಿಜ. ಕಳೆದುಹೋಗಲು ಬಿಡದೆ ಅಡ್ಡ ನಿಂತವರು ಯಾರು ಸ್ವಾಮಿ? ಅವರನ್ನು ಮನೆಗೆ ಕಳಿಸಿದವರು ಯಾರು? ಆಕೆ ತೀರಿಕೊಂಡು ಇನ್ನೂ ಎರಡು ತಿಂಗಳಾಗಿಲ್ಲ. ಆ ಸಭೆಯಲ್ಲಿ ಅರ್ಧಕ್ಕರ್ಧ ಜನ ಆಕೆಯ ಜೊತೆ ಕೆಲಸ ಮಾಡಿದವರು. ಒಬ್ಬರಾದರೂ ಬಾಯಿ ಬಿಟ್ಟರೇ? ನಾನೂ ಬಿಡಲಿಲ್ಲ. ಊಟಕ್ಕೆ ನಿಲ್ಲದೆ ಮನೆಗೆ ಬಂದು ಇದನ್ನು ಬರೆಯಲು ಕೂತಿದ್ದೇನೆ.

ಹೆಸರು ಬರೆಯುವುದಿಲ್ಲ. "ಪೇಪರ್‌ನಾಗೆ ಹೆಸರು ಬರೋದು ಒಂದ್ ಕಳ್ಳರದ್ದು, ಇಲ್ಲಾ ಎಲೆಕ್ಷನ್ನಿಗೆ ನಿಂತೋರ್ದು. ನಾನ್ ಎರಡೂ ಅಲ್ಲ ಕಣಪ್ಪ" ಎಂದು ಆಕೆಯೇ ಹೇಳುತ್ತಿದ್ದರು. ನಾವೆಲ್ಲ ಅಕ್ಕ ಎನ್ನುತ್ತಿದ್ದೆವು. ಮಾಗಡಿ ಕಡೆಯ ತಿಪ್ಪಸಂದ್ರದವರು. ಕಂಪ್ಯೂಟರಿನಲ್ಲಿ ಡಿಪ್ಲೊಮಾ ಮಾಡಿ, ಗುತ್ತಿಗೆಯ ಮೇಲೆ ನಮ್ಮ ಕಚೇರಿಗೆ ಡೇಟಾಬೇಸ್ ನೋಡಿಕೊಳ್ಳಲು ಬಂದಿದ್ದರು. ನಾನು ಅಲ್ಲೇ ಗುಮಾಸ್ತ. ರಾಮನಗರ ಆಗಷ್ಟೇ ಜಿಲ್ಲೆಯಾಗಿತ್ತು. ಎಲ್ಲಿ ನೋಡಿದರೂ ಸರ್ವೆಯವರ ಕಲ್ಲು, ಕೆಂಪು ಬಣ್ಣ, ಇಂಥ ಕಡೆ ಫ್ಯಾಕ್ಟರಿ ಬರುತ್ತದಂತೆ ಎನ್ನುವ ಮಾತು. ಯಾವ ಊರಿನ ಯಾವ ಸರ್ವೆ ನಂಬರಿನ ಜಮೀನು ಹೋಗುತ್ತದೆ, ಯಾರು ಒಪ್ಪಿದ್ದಾರೆ, ಯಾರು ಆಕ್ಷೇಪಣೆ ಹಾಕಿದ್ದಾರೆ ಎನ್ನುವುದೆಲ್ಲ ನಮ್ಮ ಕಚೇರಿಯ ಒಂದು ಯಂತ್ರದೊಳಗೆ ಇತ್ತು.

ಆ ಯಂತ್ರದ ಕೋಣೆಗೆ ಮಾತ್ರ ಎ.ಸಿ. ಬೆವರೆಲ್ಲ ನಮಗೆ. ಅಕ್ಕನ ಅಪ್ಪ ರೇಷ್ಮೆಹುಳ ಸಾಕುತ್ತಿದ್ದವರು, ಹಾಗಾಗಿ ಆಕೆ ಆ ಕೋಣೆಯನ್ನು ಹುಳುಮನೆಯ ಹಾಗೇ ನೋಡಿಕೊಳ್ಳುತ್ತಿದ್ದರು. ಚಪ್ಪಲಿ ಹೊರಗೆ. ಬೀಡಿ ಸೇದಿ ಬಂದವನಿಗೆ ಪ್ರವೇಶವಿಲ್ಲ. ಊದುಬತ್ತಿ ಹಚ್ಚುವಂತಿಲ್ಲ. ಆಯುಧಪೂಜೆಯ ದಿನ ಜವಾನ ಕುಂಬಳಕಾಯಿಗೆ ಕುಂಕುಮ ತುಂಬಿಕೊಂಡು ಒಳಗೆ ನುಗ್ಗಿದಾಗ, "ಲೇ, ಹುಳ ಪೊರೆ ಬಿಡೋಕೆ ನಾಲ್ಕನೇ ಜ್ವರಕ್ಕೆ ಕೂತಿರೋ ಮನೆಗೆ ಹಿಂಗೇ ನುಗ್ತೀಯೇನ್ಲಾ? ಅಲ್ಲೇ ಬಾಗಿಲಿಗೆ ಇಕ್ಕು, ಅದುಕ್ಕೇ ತಲುಪ್ತದೆ" ಎಂದು ಗದರಿ ಅಟ್ಟಿದ್ದರು. ಸೀರೆಯ ಮೇಲೊಂದು ಹಸಿರು ಸ್ವೆಟರ್, ತುರುಬಿನಲ್ಲಿ ಸಿಕ್ಕಿಸಿದ ಪೆನ್ನು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ಮುದ್ದೆ, ಉಪ್ಸಾರು. ನಮ್ಮ ಚಿತ್ರಾನ್ನ ಕಂಡರೆ, "ಇದು ಊಟ ಅಲ್ಲ, ಬಣ್ಣ" ಎನ್ನುತ್ತಿದ್ದರು.

ಆಕೆಯ ಬಾಯಲ್ಲಿ ಸದಾ ಒಂದು ಪ್ರಶ್ನೆ ಇರುತ್ತಿತ್ತು. ಯಾರಾದರೂ ಏನಾದರೂ "ಇಲ್ಲ" ಅಂದರೆ ಸಾಕು, "ಯಾವ ಬೀರು ನೋಡ್ದೆ?" ಫೈಲ್ ಇಲ್ಲ ಎಂದರೂ ಅದೇ, ಸಕ್ಕರೆ ಇಲ್ಲ ಎಂದರೂ ಅದೇ. ಬಸ್‌ಸ್ಟ್ಯಾಂಡಿನಲ್ಲಿ ಮಾಗಡಿ ಬಸ್ ಇಲ್ಲ ಎಂದ ಕಂಟ್ರೋಲರನಿಗೂ ಒಮ್ಮೆ ಹಾಗೇ ಕೇಳಿದಾಗ ಅವನು ಕಕ್ಕಾಬಿಕ್ಕಿಯಾಗಿ ಎದ್ದು ಹೋಗಿ ಹಿಂದಿನ ಸಾಲಿನಲ್ಲಿ ನಿಂತಿದ್ದ ಬಸ್ ಹುಡುಕಿಕೊಟ್ಟಿದ್ದ. ನಮಗೆಲ್ಲ ತಮಾಷೆ. ಆದರೆ ಆಕೆಗೆ ಅದು ಕೆಲಸದ ಮಾತು.

ನನಗೆ ಕಂಪ್ಯೂಟರ್ ಕಲಿಸಿದವರು ಅವರೇ. ಮೊದಲ ದಿನವೇ ಹೇಳಿದ್ದರು: "ನೋಡು ತಮ್ಮ, ಡೇಟಾಬೇಸ್ ತನ್ನೊಳಗೆ ಏನೇನೈತೆ ಅಂತ ತಾನೇ ಬರ್ದಿಟ್ಕತದೆ. ಆ ಪಟ್ಟಿ ನೋಡೋಕೆ ಮೂರು ಜಾಗ. ಮೂರು ಬೀರು ಅಂದ್ಕೋ. ಮೊದಲ್ನೇದ್ರಾಗೆ ನಿನ್ ಲಾಗಿನ್ನಾಗೆ ನೀನು ಮಾಡಿಟ್ಟಿದ್ದು ಮಾತ್ರ ಕಾಣ್ತದೆ. ಎರಡನೇದ್ರಾಗೆ, ಬೇರೆಯೋರು ನೋಡ್ಕೋ ಅಂತ ನಿಂಗೆ ಬಿಟ್ಟಿರೋದೂ ಕಾಣ್ತದೆ. ಮೂರನೇದ್ರಾಗೆ ಇರೋದೆಲ್ಲ ಕಾಣ್ತದೆ, ಆದ್ರೆ ಅದುಕ್ಕೆ ದೊಡ್ಡ ಪಾಸ್‌ವರ್ಡ್ ಬೇಕು. ಮೊದಲ್ನೇದು ನೋಡಿ ಇಲ್ಲ ಅನ್ನಬ್ಯಾಡ. ನನ್ ಹತ್ರ ಇಲ್ಲ ಅನ್ನು."

ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯವರು ಇಂಥಿಂಥ ಪಟ್ಟಿಗಳು ಇವೆ ಎಂದು ಒಂದು ದಪ್ಪ ಪುಸ್ತಕವನ್ನೂ ಕೊಟ್ಟಿದ್ದರು. ಸಾಹೇಬರು ಏನಿದ್ದರೂ ಆ ಪುಸ್ತಕವನ್ನೇ ತೆಗೆಯುವವರು. ಅಕ್ಕ ಅದನ್ನು ಮುಟ್ಟುತ್ತಲೂ ಇರಲಿಲ್ಲ. "ಅದು ಲಗ್ನಪತ್ರಿಕೆ ಕಣೋ. ಸಂಸಾರ ಹೆಂಗ್ ನಡೀತೈತೆ ಅನ್ನೋದು ಅದ್ರಾಗೆ ಇರಲ್ಲ."

ಇಷ್ಟು ಸ್ಪಷ್ಟವಾಗಿ ಹೇಳಿಸಿಕೊಂಡಿದ್ದವನು ನಾನು. ಹೇಳಿಸಿಕೊಂಡೂ ಮಾಡಿದ ಘನಕಾರ್ಯ ಈಗ ಕೇಳಿ.

ಮರಳವಾಡಿ ಹೋಬಳಿಯ ಒಂದು ಊರಿಂದ ಕೆಂಪಮ್ಮ ಅಂತ ಒಬ್ಬ ಹೆಂಗಸು ಬಂದಳು. ಐವತ್ತು ದಾಟಿದ್ದಳು. ಗಂಡ ಇಲ್ಲ. ಎರಡು ಎಕರೆ ಹಿಪ್ಪುನೇರಳೆ ತೋಟ, ಅದರ ಮಗ್ಗುಲಲ್ಲೇ ಹುಳುಮನೆ. ಎಲೆಅಡಿಕೆ ಚೀಲದಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ಚೀಟಿಯೊಂದನ್ನು ತೆಗೆದು ಮುಂದಿಟ್ಟಳು. ಆಕ್ಷೇಪಣೆ ಸ್ವೀಕರಿಸಿದ್ದೇವೆ ಎಂದು ಕನಕಪುರದ ಕೌಂಟರಿನಲ್ಲಿ ಕೊಟ್ಟ ಚೀಟಿ, ಮೇಲೊಂದು ನಂಬರು.

"ಸ್ವಾಮಿ, ನಮ್ಮೂರ್ನೋರ್ದು ಯಾರ್ದೂ ತಕರಾರಿಲ್ಲ ಅಂತ ಬರ್ಕೊಂಡವ್ರಂತೆ. ನಾನ್ ಕೊಟ್ಟಿವ್ನಲ್ಲ. ನಮ್ಮೂರ್ನೋರು ಎಲ್ಲಾ ಒಂದೇ ದಿನ ಹೋಗಿ ಕೊಟ್ಟೋ. ಒಸಿ ನೋಡಿ."

ನಾನು ಕಲಿತಿದ್ದ ಒಂದು ಸಾಲಿನ ಕಮಾಂಡ್ ಒತ್ತಿದೆ. ನಮ್ಮ ಲಾಗಿನ್ನಿನ ಪಟ್ಟಿಗಳು ಸಾಲಾಗಿ ಬಂದವು. ಕನಕಪುರದ ಆಕ್ಷೇಪಣೆಯದು ಎನ್ನುವಂಥದ್ದು ಯಾವುದೂ ಕಾಣಲಿಲ್ಲ.

"ಇಲ್ಲಮ್ಮ."

"ಇಲ್ಲ ಅಂದ್ರೆ ಎಲ್ಲಿಗೋಯ್ತು? ಚೀಟಿ ಐತಲ್ಲ ನನ್ತಾವ."

"ಚೀಟಿ ಇರಬಹುದಮ್ಮ. ಕಂಪ್ಯೂಟರಿನಲ್ಲಿ ಇಲ್ಲ."

ಆಕೆ ಅದನ್ನೇ ಬರೆದುಕೊಡಿ ಎಂದಳು. ಬರೆದುಕೊಟ್ಟೆ. 'ಸದರಿ ಆಕ್ಷೇಪಣೆಯು ಗಣಕಯಂತ್ರದ ದಾಖಲೆಯಲ್ಲಿ ಇರುವುದಿಲ್ಲ.' ಮೇಲೆ ಸೀಲು ಬೇರೆ ಒತ್ತಿದೆ. ಏನು ಸೀಲು, ಏನು ಗತ್ತು! ಈಗ ನೆನೆಸಿಕೊಂಡರೆ ಆ ಕೈಯನ್ನು ಕಡಿದುಹಾಕಬೇಕು ಅನ್ನಿಸುತ್ತದೆ. ಆಕ್ಷೇಪಣೆ ದಾಖಲೆಯಲ್ಲಿ ಇಲ್ಲ ಎಂದರೆ ವಿಚಾರಣೆಗೆ ಕರೆಯುವುದಿಲ್ಲ, ವಿಚಾರಣೆ ಇಲ್ಲವೆಂದರೆ ಜಮೀನು ಹೋದಂತೆಯೇ. ಅದು ನನಗೆ ಗೊತ್ತಿರಲಿಲ್ಲವೇ? ಚೆನ್ನಾಗಿ ಗೊತ್ತಿತ್ತು.

ಕೆಂಪಮ್ಮ ಊರಿಗೆ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಕ್ಕ ಊಟ ಮುಗಿಸಿ ಡಬ್ಬಿ ತೊಳೆಯಲು ಹೊರಟವರು ಅವಳನ್ನು ಕಂಡು ಮಾತಾಡಿಸಿ, ನನ್ನ ಸೀಲಿನ ಕಾಗದ ಓದಿ, ಅದನ್ನು ಅವಳ ಕೈಗೇ ಕೊಟ್ಟು ನೇರ ನನ್ನ ಮೇಜಿಗೆ ಬಂದರು.

"ಯಾವ ಬೀರು ನೋಡ್ದೆ?"

ನಾನು ಮೇಜಿನ ಮೇಲಿದ್ದ ಸೀಲನ್ನು ಡ್ರಾಯರಿಗೆ ಹಾಕಿದೆ.

"ಮೊದಲ್ನೇದಾ?"

ತಲೆ ಆಡಿಸಿದೆ.

"ಮುಚ್ಕೊಂಡು ಹಿಂದೆ ಬಾ" ಎಂದರು. ಆ ಬೈಗುಳಕ್ಕೆ ನಾನು ಅರ್ಹನೇ.

ಎರಡನೆಯ ಪಟ್ಟಿಯಲ್ಲೂ ಸಿಗಲಿಲ್ಲ. ಉಳಿದದ್ದು ಮೂರನೆಯದು. ಅದರ ಪಾಸ್‌ವರ್ಡ್ ಸಾಹೇಬರ ಡ್ರಾಯರಿನಲ್ಲಿ, ಅರಗು ಹಾಕಿದ ಕವರಿನಲ್ಲಿ ಇತ್ತು. ಕಾಗದಗಳನ್ನಾದರೂ ನೋಡೋಣವೆಂದರೆ ಕನಕಪುರದ ಕಟ್ಟು, ಕಚೇರಿಗಳು ಅಲ್ಲಿಂದಿಲ್ಲಿಗೆ ಸಾಗಿದಾಗ, ಯಾವ ಲಾರಿಯಲ್ಲಿ ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಎರಡು ತಿಂಗಳ ಮಟ್ಟಿಗೆ ತೆರೆದಿದ್ದ ಆ ಕೌಂಟರ್ ಮುಚ್ಚಿ ವರ್ಷವಾಗಿತ್ತು. ಆಗಿನ ಅಧಿಕಾರಿಗೆ ವರ್ಗವಾಗಿತ್ತು. ಹಾಗಾಗಿ ಇದ್ದರೆ ಆ ಯಂತ್ರದಲ್ಲೇ ಇರಬೇಕು.

ಅಕ್ಕ ಸಾಹೇಬರಿಗೆ ಟಿಪ್ಪಣಿ ಬರೆದರು. 'ಪೂರ್ಣ ಪಟ್ಟಿ ನೋಡಲು ಅನುಮತಿ ಕೊಡಬೇಕು.' 'ಅಗತ್ಯವಿಲ್ಲ' ಎಂದು ವಾಪಸ್ ಬಂತು. ಇನ್ನೊಂದು ಬರೆದರು. ಅದರ ಮೇಲೆ ಅಷ್ಟೂ ಬರೆಯಲಿಲ್ಲ, ಬರೀ ಒಂದು ಗೀಟು. ಯಾಕೆ ಗೊತ್ತೇ? ಆ ಹೋಬಳಿಯಿಂದ ಆಕ್ಷೇಪಣೆಗಳಿಲ್ಲ ಎನ್ನುವ ವರದಿ ಟೈಪಾಗಿ ಮೇಜಿನ ಮೇಲೆ ಕೂತಿತ್ತು. ಶುಕ್ರವಾರ ಮೇಲಕ್ಕೆ ಹೋಗಬೇಕಿತ್ತು. ಮೂರನೆಯ ಬೀರು ತೆಗೆದು ಅದರೊಳಗೆ ಏನಾದರೂ ಸಿಕ್ಕಿಬಿಟ್ಟರೆ ವರದಿ ಹರಿಯಬೇಕಲ್ಲ! ಒಂದು ಊರಿನ ಜನರ ಬಾಯಿ ಮುಚ್ಚಿದರೂ ಸರಿ, ಟೈಪಾದ ಹಾಳೆ ಹರಿಯಬಾರದು. ಇಂಥವರಿಗೆ ಪೇಟ ತೊಡಿಸುತ್ತೇವೆ ನಾವು.

"ಆ ಕವರ್ ಎಲ್ಲಿದೆ ಅಂತ ಜವಾನನಿಗೆ ಗೊತ್ತು ಅಕ್ಕ. ಮಧ್ಯಾಹ್ನ ಸಾಹೇಬರು ಇರಲ್ಲ" ಎಂದೆ ನಾನು, ತಪ್ಪಿಗೆ ಪ್ರಾಯಶ್ಚಿತ್ತ ಮಾಡಿಕೊಳ್ಳುವವನ ಹಾಗೆ.

"ಥೂ! ಬೀಗದ ಕೈ ಕೇಳ್ತೀನಿ, ಬೀಗ ಒಡಿಯಲ್ಲ. ಒಡೆದು ತಂದ್ರೆ ಅದುನ್ನೂ ಸುಳ್ಳು ಅಂತಾರೆ" ಎಂದರು ಅಕ್ಕ.

ಗುರುವಾರ ಬೆಳಿಗ್ಗೆ ಆಕೆ ಸಾಹೇಬರನ್ನೇ ಯಂತ್ರದ ಕೋಣೆಗೆ ಕರೆದುಕೊಂಡು ಬಂದರು. ಏನೋ ದೋಷ ಕಂಡಿದೆ, ನೀವೇ ನೋಡಬೇಕು ಎಂದಿದ್ದರಂತೆ. ಚಪ್ಪಲಿ ಬಿಡಿ ಸಾರ್ ಎಂದು ಅವರ ಬೂಟನ್ನೂ ಬಾಗಿಲಲ್ಲೇ ಬಿಡಿಸಿದರು. ನಾನು ಪಕ್ಕದಲ್ಲಿ ನಿಂತಿದ್ದೆ.

"ಸಾರ್, ಕೆಂಪಮ್ಮನ ಊರನ್ನ ಅಳಿಸ್ತೀನಿ, ನೋಡ್ತಿರಿ."

"ಏನ್ರೀ ಇದು! ತಲೆಗಿಲೆ ಕೆಟ್ಟಿದೆಯಾ?"

"ಕಮಿಟ್ ಅಂತ ಕೊಡೋವರ್ಗೂ ಏನೂ ಹೋಗಲ್ಲ ಸಾರ್, ಒಂದೇ ಮಾತಿಗೆ ಎಲ್ಲಾ ವಾಪಸ್ ಬತ್ತದೆ. ಈಗ ನಮ್ ಲಾಗಿನ್ನಾಗೆ ಆ ಊರಿನ ಮೇಲೆ ಏನೇನ್ ಬರ್ಕೊಂಡಿದೀವೋ ಎಲ್ಲಾ ತೆಗೀತೀನಿ. ಆಮೇಲೆ ಊರಿನ ಹೆಸರು ತೆಗೀತೀನಿ. ಬೇರೆ ಯಾರೂ ಆ ಊರಿನ ಮೇಲೆ ಏನೂ ದಾಖಲೆ ಮಾಡಿಲ್ಲ ಅಂದ್ರೆ ಹೆಸರು ಸಲೀಸಾಗಿ ಹೋಗ್ತದೆ. ಹೋಗ್ನಿಲ್ಲ ಅಂದ್ರೆ, ಯಾರೋ ಹಿಡ್ಕೊಂಡವ್ರೆ ಅಂತ."

ಸರ್ವೆ ನಂಬರುಗಳು ಹೋದವು. ಖಾತೆದಾರರು ಹೋದರು. ನೋಟಿಸಿನ ಸಾಲುಗಳು ಹೋದವು. ಪ್ರತಿಯೊಂದಕ್ಕೂ ಪರದೆಯ ಮೇಲೆ ಇಷ್ಟು ಸಾಲು ಅಳಿಸಿದೆ ಎಂದು ಬರುತ್ತಿತ್ತು. ಕೊನೆಗೆ ಆ ಊರಿನದು ಎನ್ನುವ ಒಂದೇ ಒಂದು ಸಾಲು ಉಳಿಯಿತು, ಊರಿನ ಹೆಸರು. ಅಕ್ಕ ಅದನ್ನೂ ಅಳಿಸು ಎಂದು ಕೊಟ್ಟರು.

ಯಂತ್ರ ಒಪ್ಪಲಿಲ್ಲ. ಈ ಸಾಲನ್ನು ನೆಚ್ಚಿಕೊಂಡ ಬೇರೆ ದಾಖಲೆಗಳಿವೆ, ಅಳಿಸಲಾಗದು ಎಂದಿತು. ಆ ದಾಖಲೆ ಯಾರದ್ದು ಎನ್ನುವುದನ್ನೂ ತಾನೇ ಹೇಳಿತು. ಕನಕಪುರದ ಕೌಂಟರಿಗೆಂದು ಹಿಂದೆ ಮಾಡಿಕೊಟ್ಟಿದ್ದ ಲಾಗಿನ್ನಿನ ಹೆಸರು ಪರದೆಯ ಮೇಲೆ ಕೂತಿತ್ತು.

ಕೌಂಟರಿನವರು ಅವಸರದಲ್ಲಿ ತಮ್ಮದೇ ಲಾಗಿನ್ನಿನೊಳಗೆ ಪಟ್ಟಿ ಮಾಡಿಕೊಂಡು, ನಮ್ಮ ಊರುಗಳ ಪಟ್ಟಿಗೆ ಮಾತ್ರ ಅದನ್ನು ಕಟ್ಟಿ, ನಮಗೆ ನೋಡಲು ಬಿಡದೆ ಮುಚ್ಚಿಕೊಂಡು ಹೋಗಿದ್ದರು. ಅಷ್ಟೇ ಆಗಿದ್ದದ್ದು. ಅಕ್ಕ ಒಂದೇ ಕಮಾಂಡ್ ಒತ್ತಿ ಅಳಿಸಿದ್ದನ್ನೆಲ್ಲ ವಾಪಸ್ ತಂದರು, ಸಾಲು ಸಾಲಾಗಿ ಎಣಿಸಿ ತೋರಿಸಿದರು. ಆಮೇಲೆ ಕುರ್ಚಿ ಹಿಂದಕ್ಕೆ ತಳ್ಳಿ ಎದ್ದು ನಿಂತು, "ಈಗ ಬೀಗದ ಕೈ ಕೊಡಿ ಸಾರ್" ಎಂದರು.

ನನ್ನೆದುರೇ ಆದದ್ದು, ಇಲ್ಲ ಎನ್ನಲು ಸಾಹೇಬರಿಗೆ ದಾರಿಯಿರಲಿಲ್ಲ. ಕವರ್ ಬಂತು. ಮೂರನೆಯ ಬೀರು ತೆರೆಯಿತು. ಮೂವತ್ತೇಳು ಆಕ್ಷೇಪಣೆಗಳು. ಕೆಂಪಮ್ಮನ ಚೀಟಿಯ ಮೇಲಿದ್ದ ನಂಬರು ಅಲ್ಲೇ ಇತ್ತು, ಪಕ್ಕದಲ್ಲಿ ಅವಳ ಹೆಸರು.

ಅದೇ ಸಂಜೆ ಅಕ್ಕ ನನ್ನನ್ನು ಕೆಂಪಮ್ಮನ ಊರಿಗೆ ಅಟ್ಟಿದರು. "ನೀನ್ ಬರ್ದ ಕಾಗದ ನೀನೇ ವಾಪಸ್ ಇಸ್ಕೋ. ಇಲ್ಲ ಅಂದಿದ್ದು ಸುಳ್ಳು ಅಂತ ನಿನ್ ಬಾಯಾಗೇ ಹೇಳು." ಹೋದೆ. ಕೆಂಪಮ್ಮ ಹುಳಕ್ಕೆ ಸೊಪ್ಪು ಹಾಕುತ್ತಿದ್ದಳು. ಕಾಗದ ಕೊಟ್ಟಳು, ಕಾಫಿ ಕೊಟ್ಟಳು, ಒಂದು ಬೈಗುಳವನ್ನೂ ಕೊಡಲಿಲ್ಲ. ಅದೇ ಹೆಚ್ಚು ಚುಚ್ಚಿತು.

ವಿಚಾರಣೆ ನಡೆಯಿತು. ಮೂವತ್ತೇಳು ಜನರೂ ಬಂದಿದ್ದರು. ಕೆಂಪಮ್ಮ ಎದ್ದು ನಿಂತು ಹೇಳಿದ್ದು ನನಗೆ ಹಾಗೇ ನೆನಪಿದೆ: "ಹೊಗೆ ಸೋಕಿದ್ ಸೊಪ್ಪು ತಿಂದ್ರೆ ಹುಳ ತಲೆ ಎತ್ತಲ್ಲ ಸ್ವಾಮಿ. ನಾನ್ ಕೂಗಾಡ್ತೀನಿ, ಅರ್ಜಿ ಕೊಡ್ತೀನಿ, ಹುಳ ಏನ್ ಮಾಡ್ತದೆ? ಅದು ಸುಮ್ಕೆ ಸಾಯ್ತದೆ." ಗಡಿ ಒಂದಿಷ್ಟು ಸರಿಯಿತು. ಹನ್ನೊಂದು ಮನೆಗಳ ತೋಟ ಉಳಿಯಿತು, ಅದರಲ್ಲಿ ಕೆಂಪಮ್ಮನದೂ ಒಂದು. ಉಳಿದವರದು ಹೋಯಿತು. ಆದರೆ ಹೋಗುವ ಮುಂಚೆ ಅವರೂ ನಿಂತು ಮಾತಾಡಿದ್ದರು, ಅವರ ಮಾತನ್ನೂ ಬರೆದುಕೊಂಡಿದ್ದರು.

ಇನ್ನು ಅಕ್ಕನಿಗೆ ಏನು ಸಿಕ್ಕಿತು ಎನ್ನುವುದನ್ನು ಹೇಳಬೇಕು. ಹದಿನೈದು ದಿನದೊಳಗೆ ಒಂದು ಮೆಮೊ ಸಿಕ್ಕಿತು. 'ಸರ್ಕಾರಿ ದತ್ತಾಂಶದಿಂದ ಒಂದು ಗ್ರಾಮವನ್ನೇ ಅಳಿಸಲು ಯತ್ನಿಸಿರುತ್ತೀರಿ.' ಅಲ್ಲ, ನಾಚಿಕೆ ಬೇಡವೇ? ಸುಳ್ಳು ವರದಿ ಟೈಪು ಮಾಡಿಸಿ ಆ ಊರನ್ನು ಅಳಿಸಲು ಹೊರಟಿದ್ದವರು ಯಾರು, ಅಳಿಯದ ಹಾಗೆ ಹಿಡಿದವರು ಯಾರು! ಒಬ್ಬ ವಿಚಾರಣಾಧಿಕಾರಿ ಬಂದರು. ಪ್ರಶ್ನೆಗಳ ಹಾಳೆ ಕೊಟ್ಟರು. ಪ್ರತ್ಯಕ್ಷ ಸಾಕ್ಷಿ ಎಂದು ನನಗೂ ಒಂದು. 'ಸದರಿಯವರು ಗ್ರಾಮದ ದಾಖಲೆಯನ್ನು ಅಳಿಸಲು ಪ್ರಯತ್ನಿಸಿದ್ದು ನಿಜವೇ?' ಸಾಹೇಬರು ನನ್ನನ್ನು ಚೇಂಬರಿಗೆ ಕರೆದು, "ಕೇಳಿದ್ದಕ್ಕೆ ಮಾತ್ರ ಉತ್ತರ ಬರೀರಿ, ನಿಮ್ಮ ಕೆಲಸ ಇನ್ನೂ ಕಾಯಂ ಆಗಿಲ್ಲ ಅಲ್ವಾ" ಎಂದಿದ್ದರು. ಮನೆಯಲ್ಲಿ ಹೆಂಡತಿ ಬಸುರಿ. 'ನಿಜ' ಎಂದು ಬರೆದು ಸಹಿ ಹಾಕಿದೆ.

ಅಕ್ಕನ ಗುತ್ತಿಗೆ ಮುಂದುವರಿಯಲಿಲ್ಲ. ಹೋಗುವ ದಿನ ಸ್ವೆಟರನ್ನು ಮಡಿಸಿ ಚೀಲಕ್ಕೆ ಹಾಕಿಕೊಂಡರು, ಯಂತ್ರದ ಕೋಣೆಯನ್ನು ಒಮ್ಮೆ ಒರೆಸಿದರು. ಬೀಳ್ಕೊಡುಗೆ ಇಲ್ಲ, ಒಂದು ಲೋಟ ಟೀ ಇಲ್ಲ. ಜವಾನ ಮಾತ್ರ ಬಸ್‌ಸ್ಟ್ಯಾಂಡಿನವರೆಗೆ ಚೀಲ ಹೊತ್ತುಕೊಂಡು ಹೋದ. ನಾನು ಫೈಲಿನಲ್ಲಿ ತಲೆ ಹುದುಗಿಸಿ ಕೂತಿದ್ದೆ.

ನನ್ನ ಕೆಲಸ ಕಾಯಂ ಆಯಿತು. ಆದ ಮೇಲೆ, ಸುಮಾರು ಎರಡು ವರ್ಷಕ್ಕೆ, ಧೈರ್ಯ ಮಾಡಿ ತಿಪ್ಪಸಂದ್ರಕ್ಕೆ ಹೋದೆ. ಜಗಲಿಯಲ್ಲಿ ಮೊರದ ತುಂಬ ಅವರೆಕಾಯಿ ಸುರುವಿಕೊಂಡು ಬಿಡಿಸುತ್ತಿದ್ದರು. ಕಂಡವರೇ, "ಬಾ ತಮ್ಮ, ಕೂತ್ಕೋ. ಮಗು ಏನು, ಗಂಡಾ ಹೆಣ್ಣಾ?" ಎಂದರು. ಹೆಣ್ಣು ಎಂದೆ. ಒಂದು ಹಿಡಿ ಕಾಯಿ ನನ್ನ ಮುಂದೆ ಹಾಕಿದರು. ಸ್ವಲ್ಪ ಹೊತ್ತು ಇಬ್ಬರೂ ಬಿಡಿಸಿದೆವು. ಆಮೇಲೆ ನಾನೇ ಎತ್ತಿದೆ.

"ಅಕ್ಕ, ಆವತ್ತು ವಿಚಾರಣೆಯಲ್ಲಿ ನನ್ನನ್ನೂ ಕೇಳಿದ್ದರು. ನೀವು ಅಳಿಸಲು ನೋಡಿದ್ದು ನಿಜವಾ ಅಂತ. ನಿಜ ಅಂತ ಬರೆದುಬಿಟ್ಟೆ."

"ಗೊತ್ತು. ಓದೋಕೆ ಕೊಟ್ಟಿದ್ರು ನಂಗೂ. ನಿಜಾನೇ ತಾನೆ?"

"ನಿಜಾನೇ. ಆದರೆ..."

"ಯಾಕ್ ಅಳಿಸೋಕ್ ನೋಡುದ್ರು ಅಂತ ಕೇಳ್ನಿಲ್ವಾ?"

"ಕೇಳಲಿಲ್ಲ ಅಕ್ಕ."

ಆಕೆ ಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ. ಸಿಟ್ಟೂ ಇರಲಿಲ್ಲ ದನಿಯಲ್ಲಿ. ಸಿಟ್ಟಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

"ಕೆಳಗೆ ಜಾಗ ಇರ್ನಿಲ್ವಾ ಬರ್ಯೋಕೆ?"

"ಇತ್ತು ಅಕ್ಕ" ಎಂದೆ. "ಅರ್ಧ ಹಾಳೆ ಖಾಲಿ ಇತ್ತು."